ದೀಕ್ಷಾಸ್ನಾನದ ನೀರು, ರಿಜಿಸ್ಟರಿನ ಶಾಯಿ

ದಲಿತ ವಿಮರ್ಶೆ ಅಂದಕೂಡಲೆ ನಾವು ಕತೆ, ಕಾದಂಬರಿ, ಆತ್ಮಕತೆಗಳ ಕಡೆ ತಿರುಗುತ್ತೇವೆ. ಹಳೆ ಚರ್ಚಿನ ಬೀರುವಿನಲ್ಲಿರುವ ದೀಕ್ಷಾಸ್ನಾನದ ರಿಜಿಸ್ಟರೂ ಒಂದು ಪಠ್ಯವೇ, ಅದನ್ನೂ ಓದಬೇಕು ಅಂದರೆ ನಗುವವರಿದ್ದಾರೆ. ತಾರೀಕು, ಹೆಸರು, ತಂದೆ, ತಾಯಿ, ಊರು, ಕಸುಬು, ಪಾದ್ರಿಯ ಸಹಿ. ಇದರಲ್ಲಿ ಓದೋದೇನಿದೆ? ಶಾನುಭೋಗರ ಲೆಕ್ಕದ ಪುಸ್ತಕದಲ್ಲಿ ನಮ್ಮ ಹಟ್ಟಿಯ ಹೆಂಗಸಿಗೆ ಜಾಗ ಇರಲಿಲ್ಲ. ಇಲ್ಲಿ ತಾಯಿಗೂ ಒಂದು ಕಾಲಂ ಇದೆ. ಓದುವುದನ್ನು ಅಲ್ಲಿಂದ ಶುರುಮಾಡಬಹುದು.

ಮೊದಲು ಪದವನ್ನೇ ನೋಡಿ. ದೀಕ್ಷೆ ಅನ್ನುವ ಮಾತು ತುಮಕೂರು ಸೀಮೆಗೆ ಹೊಸದಲ್ಲ. ಮಠಗಳ ನಾಡು ಇದು, ಲಿಂಗದೀಕ್ಷೆ ಎಲ್ಲರಿಗೂ ಗೊತ್ತು. ಪ್ರಾಟೆಸ್ಟಂಟರು ಆ ಪದಕ್ಕೆ ಸ್ನಾನವನ್ನು ಸೇರಿಸಿದರು. ಊರ ಬಾವಿಗೆ ಕೊಡ ಇಳಿಸದಂತೆ ತಡೆದಿದ್ದ ಜನಕ್ಕೆ ನೀರಿನಿಂದ ದೀಕ್ಷೆ! ಮಹಾಡದ ಕೆರೆಗೆ ಅಂಬೇಡ್ಕರ್ ಇಳಿದದ್ದು 1927ರಲ್ಲಿ. ಅದಕ್ಕೂ ಎಷ್ಟೋ ವರ್ಷ ಮೊದಲೇ ನಮ್ಮ ಕಡೆಯ ಪುಟ್ಟ ಪ್ರಾರ್ಥನಾ ಮನೆಗಳಲ್ಲಿ ಮುಟ್ಟಬಾರದವನ ತಲೆ ಮೇಲೆ ಕೈ ಇಟ್ಟು ನೀರು ಹಾಕಿದ್ದರು. ನೀರಿಗಿಂತ ಆ ಕೈ ದೊಡ್ಡದು ಅಂತ ನನಗೆ ಅನ್ನಿಸುತ್ತದೆ.

ಹಾಗಂತ ಮಿಶನರಿಗಳು ನಮ್ಮನ್ನೇ ಹುಡುಕಿಕೊಂಡು ಬಂದರು ಅಂದುಕೊಳ್ಳಬೇಡಿ. ವೆಸ್ಲಿಯನ್ ಮಿಶನ್ ಗುಬ್ಬಿಗೆ ಬಂದದ್ದು 1830ರ ದಶಕದ ಕೊನೆಗೆ. ಐರ್ಲೆಂಡಿನಿಂದ ಬಂದ ತರುಣ ವಿಲಿಯಂ ಆರ್ಥರ್ ಅಲ್ಲಿ ಕನ್ನಡ ಕಲಿತು, ಕಣ್ಣು ಕೆಟ್ಟು, ಕೆಲವೇ ವರ್ಷದಲ್ಲಿ ವಾಪಸ್ಸು ಹೋದ. 1847ರಲ್ಲಿ ಮೈಸೂರು ಸೀಮೆಯ ಮಿಶನ್ ಕುರಿತು ಇಂಗ್ಲಿಷಿನಲ್ಲಿ ಪುಸ್ತಕ ಬರೆದ. ಅವನ ಹೆಸರಿನ ಚರ್ಚು 1904ರಿಂದ ಗುಬ್ಬಿಯಲ್ಲಿದೆ. ಕುಣಿಗಲ್, ತುಮಕೂರಿನಲ್ಲೂ ಠಾಣೆಗಳಾದವು. ಸಂತೆ, ಜಾತ್ರೆಗಳಲ್ಲಿ ನಿಂತು ಬ್ರಾಹ್ಮಣರು, ಜಂಗಮರ ಜೊತೆ ವಾದ ಮಾಡುವುದೇ ಆಗ ಅವರಿಗೆ ದೊಡ್ಡ ಕೆಲಸ. ದೀಕ್ಷಾಸ್ನಾನಕ್ಕೆ ಒಪ್ಪಿದವರು ಬೆರಳೆಣಿಕೆ. ಥಾಮಸ್ ಹಾಡ್ಸನ್ 1877ರಲ್ಲಿ ಗುಬ್ಬಿ ಸರ್ಕಿಟ್‌ನ ಒಬ್ಬ ಕ್ರೈಸ್ತನ ಜೀವನಚರಿತ್ರೆ ಪ್ರಕಟಿಸಿದ. ಅದರ ಹೆಸರು 'ಓಲ್ಡ್ ಡೇನಿಯಲ್'. ತಾಯಿ ಕರೆದ ಹೆಸರು ಶೀರ್ಷಿಕೆಯವರೆಗೂ ಬರಲಿಲ್ಲ.

ಈ ಹೆಸರಿನ ಸಂಗತಿ ಸಣ್ಣದಲ್ಲ. ಮಾರ, ಕೆಂಚ, ಹೊನ್ನಿ ಅಂತ ಏಕವಚನದಲ್ಲೇ ಕೂಗಿಸಿಕೊಂಡವರು ಸಮುವೇಲ, ಯೋಹಾನ, ಮಾರ್ಥ ಆದರು. ಹೆಸರು ಬದಲಾದರೆ ಕೂಗುವ ದನಿ ಬದಲಾಗಬೇಕಿತ್ತು. ಆದರೆ ಸಮುವೇಲ 'ಸಾಮ' ಆಗೋಕೆ ಹೆಚ್ಚು ದಿನ ಹಿಡಿಯಲಿಲ್ಲ. ಚರ್ಚಿನ ಬಾಗಿಲು ದಾಟಿದರೆ ಅದೇ ಬಾವಿ, ಅದೇ ಜಗಲಿ. ಬಾಗಿಲ ಒಳಗೂ ಎಲ್ಲ ತೊಳೆದುಹೋಗಲಿಲ್ಲ. ದೀಕ್ಷಾಸ್ನಾನ ಆದವರೆಲ್ಲ ಒಂದೇ ದೇಹದ ಅಂಗಗಳು, ಅವರಲ್ಲಿ ಭೇದವಿಲ್ಲ ಅನ್ನೋದು ಪೌಲನ ಬೋಧನೆ. ಹೆಣ್ಣು ಕೇಳುವಾಗ ಮಾತ್ರ ಯಾವ ಹಟ್ಟಿ ಅಂತ ವಿಚಾರಿಸುತ್ತೇವೆ. ಮೇಲ್ಜಾತಿಯಿಂದ ಬಂದವರಷ್ಟೇ ಅಲ್ಲ, ನಾವೂ ಎಡಗೈ ಬಲಗೈ ಬಿಟ್ಟಿಲ್ಲ.

ಇನ್ನು ಬರದ ಕತೆ. ಮೈಸೂರು ಸಂಸ್ಥಾನದ ಜನ 1871ರಲ್ಲಿ 50 ಲಕ್ಷ ದಾಟಿದ್ದರು, 1881ರಲ್ಲಿ 42 ಲಕ್ಷವೂ ಇರಲಿಲ್ಲ. ನಡುವೆ ಬಂದದ್ದು ಧಾತು, ಈಶ್ವರ ಸಂವತ್ಸರಗಳ ಬರ. ವೆಸ್ಲಿಯನ್ನರು ಗಂಡುಮಕ್ಕಳಿಗೆ ತುಮಕೂರಲ್ಲಿ, ಹೆಣ್ಣುಮಕ್ಕಳಿಗೆ ಹಾಸನದಲ್ಲಿ ಅನಾಥಾಲಯ ತೆರೆದರು. ಅನ್ನಕ್ಕಾಗಿ ಮತ ಮಾರಿಕೊಂಡವರು ಅಂತ ಇವರನ್ನು ಹೀಯಾಳಿಸುವವರು ಇವತ್ತಿಗೂ ಇದ್ದಾರೆ. ಕಣಜಕ್ಕೆ ಬೀಗ ಹಾಕಿದ್ದವರ ಮತದ ಬಗ್ಗೆ ಯಾರೂ ಕೇಳುವುದಿಲ್ಲ. ಆದರೆ ಮಕ್ಕಳಿಗೆ ದೀಕ್ಷಾಸ್ನಾನ ಕೊಡುವಾಗ ಅವರ ಪರವಾಗಿ ವಾಗ್ದಾನ ಮಾಡಬೇಕಾದವರು ತಂದೆ, ತಾಯಿ, ಸಭೆ. ಆ ಹುಡುಗರಿಗೆ ಮಿಶನ್ನೇ ತಂದೆ, ಮಿಶನ್ನೇ ಸಭೆ. ಈ ಅಸಮ ಸಂಬಂಧವನ್ನೂ ನಾವು ಮುಚ್ಚಿಡಬಾರದು.

ವೆಸ್ಲಿಯನ್ ಸಭೆಗಳು 1947ರಲ್ಲಿ ದಕ್ಷಿಣ ಇಂಡಿಯಾ ಸಭೆಗೆ ಸೇರಿದವು. ಮೂರು ವರ್ಷ ಕಳೆದ ಮೇಲೆ ರಿಜಿಸ್ಟರಿನ ಅರ್ಥವೇ ತಿರುಗಿತು. 1950ರ ಆಗಸ್ಟ್ 10ರ ರಾಷ್ಟ್ರಪತಿ ಆದೇಶ ಹಿಂದೂ ಅಲ್ಲದವರನ್ನು ಪರಿಶಿಷ್ಟ ಜಾತಿಯಿಂದ ಹೊರಗಿಟ್ಟಿತು. ಸಿಖ್ಖರನ್ನು 1956ರಲ್ಲಿ, ಬೌದ್ಧರನ್ನು 1990ರಲ್ಲಿ ಒಳಗೆ ತಂದರು. ಅಂದರೆ ಬಾಬಾಸಾಹೇಬರು ಕೊಟ್ಟ ಧಮ್ಮದೀಕ್ಷೆಯಿಂದ ಈಗ ಮೀಸಲಾತಿ ಹೋಗುವುದಿಲ್ಲ, ದೀಕ್ಷಾಸ್ನಾನದಿಂದ ಹೋಗುತ್ತದೆ. ಒಂದೇ ಕೇರಿ, ಒಂದೇ ಬಾವಿ, ಎರಡು ದೀಕ್ಷೆ.

ಹೀಗಾಗಿ ನಮ್ಮಲ್ಲಿ ಎರಡು ಹೆಸರಿನ ಜನ ಹುಟ್ಟಿಕೊಂಡರು. ನನ್ನ ಸೋದರತ್ತೆಗೆ ಚರ್ಚಿನಲ್ಲಿ ಒಂದು ಹೆಸರು, ಶಾಲೆಯ ಟೀಸೀಯಲ್ಲಿ ಇನ್ನೊಂದು. ಭಾನುವಾರ ಯಾರಾದರೂ ಟೀಸೀ ಹೆಸರು ಹಿಡಿದು ಕರೆದರೆ ಬೆಚ್ಚಿಬೀಳುತ್ತಿದ್ದಳು. ಅದನ್ನು ಮೋಸ ಅನ್ನುವವರಿಗೆ ಅವಳ ಭಯ ಗೊತ್ತಿಲ್ಲ.

ಆ ಭಯಕ್ಕೆ 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಮುದ್ರೆಯೂ ಬಿತ್ತು. ಪುದುಚೇರಿಯ ಹೆಣ್ಣುಮಗಳೊಬ್ಬಳು ಪರಿಶಿಷ್ಟ ಜಾತಿ ಪ್ರಮಾಣಪತ್ರ ಕೇಳಿದ್ದಳು. 1991ರಲ್ಲಿ, ಎಳೆಗೂಸಾಗಿದ್ದಾಗ ಆದ ದೀಕ್ಷಾಸ್ನಾನದ ದಾಖಲೆ ಅವಳಿಗೆ ವಿರುದ್ಧವಾದ ಸಾಕ್ಷಿಯಾಯಿತು. ನಂಬಿಕೆ ಇಲ್ಲದೆ ಮೀಸಲಾತಿಗಾಗಿ ಹಿಂದೂ ಅನ್ನುವುದು ಸಂವಿಧಾನಕ್ಕೆ ಮಾಡಿದ ವಂಚನೆ ಎಂದು ಕೋರ್ಟು ಹೇಳಿತು. ಎಳೆಗೂಸಿನ ತಲೆ ಮೇಲೆ ಬಿದ್ದ ನೀರು ಒಣಗಿ ಮೂವತ್ತಕ್ಕೂ ಹೆಚ್ಚು ವರ್ಷವಾದರೂ ಶಾಯಿ ಒಣಗಲಿಲ್ಲ, ನೋಡಿ.

ಕರ್ನಾಟಕದಲ್ಲಿ 2022ರ ಕಾಯಿದೆ, ಮತ ಬದಲಿಸುವವನು 30 ದಿನ ಮೊದಲೇ ಜಿಲ್ಲಾಧಿಕಾರಿಗೆ ತಿಳಿಸಬೇಕು ಅಂದಿತು. ರದ್ದುಮಾಡಲು 2023ರ ಜೂನಿನಲ್ಲಿ ಸಂಪುಟ ತೀರ್ಮಾನಿಸಿತು. 2025ರ ಸಮೀಕ್ಷೆಯಲ್ಲಿ ಜಾತಿಯ ಜೊತೆ ಕ್ರೈಸ್ತ ಎಂದು ಸೇರಿಸಿದ ಹೆಸರುಗಳಿಗೆ ಗದ್ದಲವಾಗಿ ಹಲವನ್ನು ಪಟ್ಟಿಯಿಂದ ತೆಗೆದರು. ಚರ್ಚಿನಲ್ಲಿ ನಮಗೆ ಜಾತಿ ಇಲ್ಲ ಅನ್ನುತ್ತಾರೆ, ಪಟ್ಟಿಯಲ್ಲಿ ಇದ್ದರೂ ಬರೆಯಬೇಡಿ ಅನ್ನುತ್ತಾರೆ.

ಸಭೆಯ ಮುಂದೆ, ಸಭೆಯೇ ಸಾಕ್ಷಿಯಾಗಿ, ಕೂಸನ್ನು ತಮ್ಮವರೆಂದು ಒಪ್ಪಿಕೊಳ್ಳುವುದು ದೀಕ್ಷಾಸ್ನಾನ. ಅದು ಗುಟ್ಟಾಗಿ ನಡೆಯುವಂಥದ್ದಲ್ಲ. ಈಗ ಒಬ್ಬ ತಾಯಿ ಕೂಸನ್ನು ಎತ್ತಿಕೊಂಡು ಬಂದು, "ಅಯ್ಯನೋರೆ, ನೀರು ಹಾಕಿ, ಪುಸ್ತಕದಾಗೆ ಮಾತ್ರ ಬರೀಬ್ಯಾಡಿ" ಅಂದರೆ ಸಭಾಪಾಲಕರು ಏನು ಮಾಡಬೇಕು?