ಫೆದರ್‌ಸ್ಟನ್ ಬೀದಿಯ 201ನೇ ಮನೆ

ನಾಲ್ಕು ಮಲಗುವ ಕೋಣೆ, ಎರಡು ಬಚ್ಚಲುಮನೆ. ಅಮೆರಿಕದ ಟೆಕ್ಸಸ್ ರಾಜ್ಯದ ಕ್ಲೀಬರ್ನ್ ಊರಿನಲ್ಲಿ ಈ ಮನೆಯನ್ನು ಬಾಡಿಗೆಗೆ ಪಡೆದು, ಬೌದ್ಧಿಕ ಅಂಗವೈಕಲ್ಯವಿದ್ದ 13 ಮಂದಿಯನ್ನು ಸಿಬ್ಬಂದಿಯ ಆರೈಕೆಯಲ್ಲಿ ಇರಿಸಲು ‘ಕ್ಲೀಬರ್ನ್ ಲಿವಿಂಗ್ ಸೆಂಟರ್’ 1980ರಲ್ಲಿ ಹೊರಟಿತು. ನಗರಾಡಳಿತ ತಡೆಯಿತು. ವಿಶೇಷ ಪರವಾನಗಿ ಬೇಕು, ಅದನ್ನು ವರ್ಷವರ್ಷವೂ ನವೀಕರಿಸಬೇಕು, ಅರ್ಜಿಗೆ 200 ಅಡಿಯೊಳಗಿನ ಆಸ್ತಿದಾರರ ಸಹಿ ಬೇಕು!

ಅದೇ ವಲಯದಲ್ಲಿ ವಿದ್ಯಾರ್ಥಿನಿಲಯಕ್ಕಾಗಲಿ ವೃದ್ಧರ ಆರೈಕೆ ಮನೆಗಾಗಲಿ ಈ ಕಾಟವಿರಲಿಲ್ಲ. ಈ ಮನೆಯನ್ನು ಮಾತ್ರ ‘ಮಂದಬುದ್ಧಿಯವರ ಆಸ್ಪತ್ರೆ’ ಎಂದು ಎಣಿಸಲಾಯಿತು. ನಿಯಮದ ಪಟ್ಟಿಯಲ್ಲಿ ಅಂಥ ಆಸ್ಪತ್ರೆಯ ಜೊತೆಗೇ ಇದ್ದದ್ದು ಸೆರೆಮನೆ.

‘ಮಂದಬುದ್ಧಿ’ ಎಂಬ ಆ ಪದ ಎಲ್ಲಿಂದಲೋ ಉದುರಿದ್ದಲ್ಲ. ಯಾವ ಬೀದಿಯಲ್ಲಿ ಎಂಥ ಕಟ್ಟಡ ಇರಬೇಕೆಂದು ಊರುಗಳೇ ನಿರ್ಧರಿಸಬಹುದು ಎಂದು ಅಲ್ಲಿನ ಸುಪ್ರೀಂ ಕೋರ್ಟ್ ಒಪ್ಪಿದ್ದು 1926ರಲ್ಲಿ, ಯೂಕ್ಲಿಡ್ ಪ್ರಕರಣದಲ್ಲಿ. ಮರುವರ್ಷವೇ ಅದೇ ಕೋರ್ಟು, ‘ಮಂದಬುದ್ಧಿ’ ಎಂದು ಹಣೆಪಟ್ಟಿ ಹಚ್ಚಿದವರಿಗೆ ಬಲವಂತವಾಗಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡುವ ವರ್ಜೀನಿಯಾದ ಕಾನೂನನ್ನೂ ಎತ್ತಿಹಿಡಿಯಿತು. ಇಂಥವರನ್ನು ದೊಡ್ಡ ಸಂಸ್ಥೆಗಳಲ್ಲಿ ತುಂಬಿಡುವುದೇ ಆಗಿನ ರೂಢಿ. ಅಂಥ ಒಂದು ಸಂಸ್ಥೆಯಾದ ನ್ಯೂಯಾರ್ಕಿನ ವಿಲೋಬ್ರೂಕ್‌ನ ನರಕವನ್ನು 1972ರಲ್ಲಿ ಟಿವಿ ಮನೆಮನೆಗೂ ತೋರಿಸಿತು. ಆಮೇಲೆ ಇಂಥವರನ್ನು ಊರೊಳಗಿನ ಮನೆಗಳಿಗೆ ಕರೆತರುವ ಕೆಲಸಕ್ಕೆ ಬಿರುಸು ಬಂತು. ಆದರೆ ಊರಿನ ನಿಯಮಪುಸ್ತಕ ಹಳೆಯದೇ ಉಳಿದಿತ್ತು.

ಕ್ಲೀಬರ್ನ್‌ನ ನಗರಸಭೆ 3-1 ಮತಗಳಿಂದ ಪರವಾನಗಿ ನಿರಾಕರಿಸಿತು. ಕೊಟ್ಟ ಕಾರಣಗಳನ್ನು ಓದಿದರೆ ನಗು ಬರುತ್ತದೆ, ಸಿಟ್ಟೂ ಬರುತ್ತದೆ. ಅಕ್ಕಪಕ್ಕದವರಿಗೆ ಇಷ್ಟವಿಲ್ಲ, ಮುದುಕರಿಗೆ ಭಯ. ಎದುರಿನ ಶಾಲೆಯ ಮಕ್ಕಳು ಇವರನ್ನು ಗೋಳುಹೊಯ್ದುಕೊಂಡರೆ? ಆ ಶಾಲೆಯಲ್ಲಿ ಇಂಥದೇ ಅಂಗವೈಕಲ್ಯದ ಸುಮಾರು 30 ಮಕ್ಕಳು ಆಗಲೇ ಓದುತ್ತಿದ್ದರು. ಜಾಗ 500 ವರ್ಷಕ್ಕೊಮ್ಮೆ ಬರಬಹುದಾದ ನೆರೆಯ ಬಯಲಿನಲ್ಲಿದೆಯಂತೆ! ವೃದ್ಧರ ಆರೈಕೆ ಮನೆ ಮಾತ್ರ ಆ ನೆರೆಯಲ್ಲಿ ತೇಲುತ್ತಿತ್ತೇನೋ.

ಸೆಂಟರ್ ಕೋರ್ಟಿನ ಮೆಟ್ಟಿಲೇರಿತು. 1985ರ ಜುಲೈ 1ರಂದು ಸುಪ್ರೀಂ ಕೋರ್ಟ್ ಈ ಕಾರಣಗಳನ್ನು ಒಂದೊಂದಾಗಿ ತಳ್ಳಿಹಾಕಿತು. ಪರವಾನಗಿಯ ಷರತ್ತಿನ ಹಿಂದೆ ಇರುವುದು ಪೂರ್ವಗ್ರಹವೇ ಎಂದಿತು, ನ್ಯಾಯಮೂರ್ತಿ ಬೈರನ್ ವೈಟ್ ಬರೆದ ತೀರ್ಪು. ಆದರೆ ರದ್ದಾದದ್ದು ಈ ಒಂದು ಮನೆಯ ಮಟ್ಟಿಗೆ. ನಿಯಮದ ಸಾಲು ಹಾಗೇ ಉಳಿಯಿತು. ಮುಂದೆ ಬರುವವರೂ ಇದೇ ಪಾಡು ಪಡಬೇಕಲ್ಲ ಎಂದು ನ್ಯಾಯಮೂರ್ತಿ ಥರ್ಗುಡ್ ಮಾರ್ಷಲ್ ಪ್ರತ್ಯೇಕ ಅಭಿಪ್ರಾಯದಲ್ಲಿ ಆಕ್ಷೇಪಿಸಿದರು. ವಸತಿಯಲ್ಲಿ ಅಂಗವೈಕಲ್ಯದ ಆಧಾರದ ತಾರತಮ್ಯವನ್ನು ದೇಶದುದ್ದಕ್ಕೂ ನಿಷೇಧಿಸುವ ತಿದ್ದುಪಡಿ ಬಂದದ್ದು 1988ರಲ್ಲಿ.