ಬ್ಲೇಡ್ ರನ್ನರ್ ಮತ್ತು ಕೆಜಿಎಫ್‌ನ ಬೆರಳಚ್ಚು

1982ರ ‘ಬ್ಲೇಡ್ ರನ್ನರ್’ ನೋಡಿದ್ದೀರಾ? ರಿಡ್ಲಿ ಸ್ಕಾಟ್ ನಿರ್ದೇಶನದ ಸಿನಿಮಾ. ಭೂಮಿಯಾಚೆ ಅಪಾಯದ ಕೆಲಸಕ್ಕೆ ಅಂತಲೇ ತಯಾರಾದ ಕೃತಕ ಮನುಷ್ಯರ ಕಥೆ. ಅವರ ಆಯಸ್ಸು ಬರೀ 4 ವರ್ಷ. ಮನುಷ್ಯರಾ ಅಲ್ವಾ ಅಂತ ತಿಳಿಯೋಕೆ ಎದುರು ಕೂರಿಸಿ, ಪ್ರಶ್ನೆ ಕೇಳಿ, ಕಣ್ಣು ಪರೀಕ್ಷಿಸ್ತಾರೆ. ತಪ್ಪಿಸಿಕೊಂಡವರನ್ನ ಕೊಲ್ಲೋದಕ್ಕೆ ಅಲ್ಲಿ ‘ರಿಟೈರ್’ ಅಂತ ಹೆಸರು.

ಈಗ ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ರೈಲು ಹತ್ತಿ, ಕೆಜಿಎಫ್‌ಗೆ ಬನ್ನಿ. ಇಲ್ಲಿನ ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರ್‌ಗೂ ಹೆಚ್ಚು ಆಳ. ಕೆಳಗೆ ಸುಡುವ ಬಿಸಿ, ಸಿಡಿಯುವ ಬಂಡೆ, ಎದೆಗಿಳಿಯುವ ದೂಳು. ಅಲ್ಲಿಗೆ ಇಳಿದವರಲ್ಲಿ ತಮಿಳು ನಾಡಿನಿಂದ ಬಂದ ದಲಿತರೇ ಹೆಚ್ಚು.

1930ರಲ್ಲಿ ಇವರ ಬೆರಳಚ್ಚು ತಗೊಂಡು ನೋಂದಣಿ ಮಾಡೋಕೆ ಆಡಳಿತ ಹೊರಟಿತು. ಬೆರಳಚ್ಚು ಅಂದ್ರೆ ಪೊಲೀಸರು ಅಪರಾಧಿಗಳಿಂದ ತಗೊಳ್ಳೋದು. ಸಾವಿರಾರು ಜನ ಕೆಲಸ ನಿಲ್ಲಿಸಿದರು. ಸಿನಿಮಾ ಕೇಳೋದು ‘ಮನುಷ್ಯ ಯಾರು?’ ಅಂತ. ಆ ಪ್ರಶ್ನೆಗೆ ಇವರು 52 ವರ್ಷ ಮೊದಲೇ ಉತ್ತರ ಕೊಟ್ಟಿದ್ದರು: ನಾವು ಬರೀ ಕೈಗಳಲ್ಲ.

2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಮುಂದಿನ ಸಲ ಸಿನಿಮಾ ನೋಡುವಾಗ ‘ರಿಟೈರ್’ ಅನ್ನೋ ಮಾತು ಬಂದರೆ, ಬೆಳಗಿನ ರೈಲಲ್ಲಿ ನಿಂತುಕೊಂಡೇ ಬೆಂಗಳೂರಿಗೆ ದುಡಿಯೋಕೆ ಹೋಗುವ ಆ ಗಣಿಯವರ ಮಕ್ಕಳನ್ನ ನೆನಪಿಸಿಕೊಳ್ಳಿ.

#ಕೆಜಿಎಫ್ #ಬಂಗಾರಪೇಟೆ #ಸಿನಿಮಾ_ಇತಿಹಾಸ