ಬೂಷ್ಟು ಮತ್ತು ಮೈಯೊಳಗಿನ ಕಾವಲು

ಮಳೆಗಾಲ ಹಿಡಿಯಿತೆಂದರೆ ಬೂಷ್ಟಿನ ಕಾಟವೇನೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಉಪ್ಪಿನಕಾಯಿ ಜಾಡಿಯ ಬಾಯಿ, ಬೀರುವಿನಲ್ಲಿಟ್ಟ ಚರ್ಮದ ಚೀಲ, ಮರೆತುಹೋದ ಚಪಾತಿ, ಎಲ್ಲದರ ಮೇಲೂ ಅದು ಹಾಜರು. ಪಾಠಪುಸ್ತಕ ಅದನ್ನೇ ಶಿಲೀಂಧ್ರ ಎನ್ನುತ್ತದೆ. ಅದರ ಬೀಜಕಣಗಳು ಗಾಳಿಯಲ್ಲೆಲ್ಲ ಇವೆ. ದಿನವೂ ಉಸಿರಿನೊಡನೆ ನಮ್ಮೊಳಗೆ ಹೋಗುತ್ತಲೇ ಇರುತ್ತವೆ. ಹಾಗಾದರೆ ಚಪಾತಿಗೆ ಹಿಡಿಯುವ ಬೂಷ್ಟು ನಮ್ಮ ಶ್ವಾಸಕೋಶಕ್ಕೆ ಏಕೆ ಹಿಡಿಯುವುದಿಲ್ಲ? ನನ್ನ ತರಗತಿಯ ಹುಡುಗಿಯೊಬ್ಬಳು ಒಮ್ಮೆ ಹೀಗೆ ಕೇಳಿದಳು. ನಾನು ಇತಿಹಾಸ ಕಲಿಸುವವಳು. ಆದ್ದರಿಂದ ಇದನ್ನು ಯಾರು, ಯಾವಾಗ ಕಂಡುಕೊಂಡರು ಎಂಬ ದಾರಿ ಹಿಡಿದು ಹೊರಟೆ.

ಕಥೆ ಶುರುವಾಗುವುದು 1882ರಲ್ಲಿ, ಇಟಲಿಯ ಮೆಸಿನಾ ಎಂಬ ಊರಿನಲ್ಲಿ. ರಷ್ಯನ್ ಸಾಮ್ರಾಜ್ಯದಿಂದ ಬಂದಿದ್ದ ಇಲ್ಯಾ ಮೆಚ್ನಿಕಾಫ್ ಅಲ್ಲಿ ಸಮುದ್ರಜೀವಿಗಳನ್ನು ಅಭ್ಯಾಸ ಮಾಡುತ್ತಿದ್ದ. ಮನೆಯವರೆಲ್ಲ ಸರ್ಕಸ್ಸಿಗೆ ಹೋಗಿದ್ದ ಒಂದು ದಿನ, ನಕ್ಷತ್ರ ಮೀನಿನ ಪಾರದರ್ಶಕ ಮರಿಗಳ ಮೈಗೆ ಗುಲಾಬಿ ಮುಳ್ಳು ಚುಚ್ಚಿಟ್ಟ. ಬೆಳಗಾಗುವಷ್ಟರಲ್ಲಿ ಅಲೆದಾಡುವ ಕೋಶಗಳು ಮುಳ್ಳಿನ ಸುತ್ತ ಮುತ್ತಿಕೊಂಡಿದ್ದವು. ಅವನ ಹೆಂಡತಿ ಓಲ್ಗಾ ಮುಂದೆ ಗಂಡನ ಜೀವನಚರಿತ್ರೆಯನ್ನೂ ಬರೆದಳು.

ಮುಳ್ಳು ಜೀವವಿಲ್ಲದ ವಸ್ತು. ನಿಜವಾದ ರೋಗದಲ್ಲಿ ಏನಾಗುತ್ತದೆ? ಅದಕ್ಕೆ ಮೆಚ್ನಿಕಾಫ್ ಆರಿಸಿಕೊಂಡದ್ದು ನೀರುಚಿಗಟವನ್ನು, ಅದನ್ನು ಕಾಡುವ ಒಂದು ಶಿಲೀಂಧ್ರವನ್ನು. ಸೂಜಿಯಂಥ ಬೀಜಕಣ ಚಿಗಟದ ಕರುಳನ್ನು ತೂರಿ ಒಳಗೆ ಬರುತ್ತಿತ್ತು. ರಕ್ತಕೋಶಗಳು ಅದನ್ನು ಸುತ್ತುವರಿದು ಕರಗಿಸಿಬಿಟ್ಟರೆ ಚಿಗಟ ಉಳಿಯುತ್ತಿತ್ತು, ಇಲ್ಲವಾದರೆ ಸಾಯುತ್ತಿತ್ತು. 1884ರಲ್ಲಿ ಇದು ಪ್ರಕಟವಾಯಿತು. ಆ ಕೋಶಗಳಿಗೆ ಭಕ್ಷಕ ಕೋಶಗಳೆಂದು ಹೆಸರು. 1908ರ ನೊಬೆಲ್ ಬಹುಮಾನ ಮೆಚ್ನಿಕಾಫ್ ಮತ್ತು ಪಾಲ್ ಎರ್ಲಿಕ್ ಇಬ್ಬರಿಗೂ ಬಂತು.

ಕಾವಲುಗಾರ ಸಿಕ್ಕ, ಸರಿ. ಆದರೆ ಕಳ್ಳನ ಗುರುತು ಅವನಿಗೆ ಹೇಗೆ ಸಿಗುತ್ತದೆ? ಈ ಮಾತಿಗೆ ಇನ್ನೊಂದು ಶತಮಾನವೇ ಬೇಕಾಯಿತು. ಜರ್ಮನಿಯ ಕ್ರಿಸ್ಟಿಯಾನೆ ನ್ಯೂಸ್ಲೈನ್ ಫೋಲ್‌ಹಾರ್ಡ್ ಎಂಬ ಮಹಿಳೆ ಹಣ್ಣಿನ ನೊಣದ ಭ್ರೂಣ ಬೆಳೆಯುವ ಬಗೆಯನ್ನು ಅಭ್ಯಾಸ ಮಾಡುತ್ತ ಟೋಲ್ ಎಂಬ ವಂಶವಾಹಿಯನ್ನು ಗುರುತಿಸಿದ್ದರು. 1996ರಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿ ಬ್ರೂನೊ ಲೆಮೇತ್ರ್, ಜೂಲ್ಸ್ ಹಾಫ್‌ಮನ್ ಮತ್ತು ಜೊತೆಗಾರರು ಟೋಲ್ ಕೆಟ್ಟ ನೊಣಗಳಿಗೆ ಬೂಷ್ಟು ಸೋಂಕಿಸಿ ನೋಡಿದರು. ನೊಣಗಳು ಕೆಲವೇ ದಿನಗಳಲ್ಲಿ ಸತ್ತವು, ಮೈತುಂಬ ಬೂಷ್ಟಿನ ಎಳೆಗಳು! ಮರುವರ್ಷ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಮೆಡ್‌ಜಿಟೋವ್ ಮತ್ತು ಜೇನ್‌ವೇ ಇಂಥದೇ ವಂಶವಾಹಿಯನ್ನು ಮನುಷ್ಯರಲ್ಲೂ ಕಂಡರು.

ಶಿಲೀಂಧ್ರದ ಕೋಶಕ್ಕೆ ಒಂದು ಗೋಡೆ ಇದೆ. ಅದನ್ನು ಹೆಣೆದಿರುವುದು ಬೀಟಾ ಗ್ಲೂಕಾನ್ ಎಂಬ ಸಕ್ಕರೆಯ ಸರಪಳಿಯಿಂದ. ನಮ್ಮ ಮೈ ಇದನ್ನು ತಯಾರಿಸುವುದೇ ಇಲ್ಲ. ಆದ್ದರಿಂದ ಅದು ಕಂಡೊಡನೆ ಹೊರಗಿನವನು ಬಂದನೆಂದು ಕಾವಲು ಕೋಶಕ್ಕೆ ತಿಳಿಯುತ್ತದೆ. ಈ ಗೋಡೆಯನ್ನು ತಡವಿ ನೋಡುವ ಡೆಕ್ಟಿನ್-1 ಎಂಬ ಗ್ರಾಹಕವನ್ನು 2001ರಲ್ಲಿ ಗಾರ್ಡನ್ ಬ್ರೌನ್ ಮತ್ತು ಸೈಮನ್ ಗಾರ್ಡನ್ ತೋರಿಸಿಕೊಟ್ಟರು. ಗುರುತು ಸಿಕ್ಕ ಕೋಶ ಶತ್ರುವನ್ನು ನುಂಗುತ್ತದೆ, ರಾಸಾಯನಿಕ ಸಂದೇಶ ಕಳಿಸಿ ಉಳಿದವರನ್ನೂ ಕರೆಯುತ್ತದೆ. ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕೋಶಗಳು ಓಡಿ ಬರುತ್ತವೆ. ನುಂಗಲಾಗದಷ್ಟು ಉದ್ದದ ಎಳೆಯಾದರೆ ತಮ್ಮ ಡಿಎನ್ಎಯನ್ನೇ ಬಲೆಯಂತೆ ಬೀಸುತ್ತವೆ.

ಇದರಲ್ಲಿ ನಮ್ಮ ಮನೆಯ ಮಾತೂ ಇದೆ. ನನ್ನ ಸೋದರತ್ತೆಗೆ ಮಳೆಗಾಲವಿಡೀ ಕಾಲಸಂದಿನಲ್ಲಿ ಕೆಸರುಹುಣ್ಣು. ಬಚ್ಚಲು, ಕೊಟ್ಟಿಗೆ, ಬಟ್ಟೆಕಲ್ಲು ಎಂದು ಇಡೀ ದಿನ ನೀರಿನಲ್ಲೇ ನಿಂತವಳಿಗೆ ಮತ್ತೇನಾದೀತು? ಮನೆಯವರು ಮಾತ್ರ, "ಕಾಲು ತೊಳೆದುಕೊಳ್ಳೋಕೂ ಸೋಮಾರಿತನ" ಎನ್ನುತ್ತಿದ್ದರು. ಬಿಳಿ ಸೆರಗು, ಒಳಗಿನ ತುರಿಕೆಯ ವಿಷಯವಂತೂ ಹೇಳುವುದೇ ಬೇಡ. ಅದನ್ನು ಹೆಂಗಸರು ಸಂಕೋಚದಿಂದ ಬಚ್ಚಿಟ್ಟರು, ಕೇಳಿದವರು ಶುಚಿತ್ವವನ್ನೇ ಹಳಿದರು. 2009ರಲ್ಲಿ ನೆದರ್ಲೆಂಡ್ಸಿನ ಒಂದೇ ಕುಟುಂಬದ ಕೆಲವು ಹೆಂಗಸರನ್ನು ವೈದ್ಯರು ಪರೀಕ್ಷಿಸಿದರು. ಅವರಿಗೂ ಇಂಥ ಸೋಂಕು, ಉಗುರಿನ ಸೋಂಕು ಮರಳಿ ಮರಳಿ ಬರುತ್ತಿತ್ತು. ಕಾರಣ ಕೊಳೆಯಲ್ಲ, ಹುಟ್ಟಿನಿಂದಲೇ ಅವರ ಡೆಕ್ಟಿನ್-1 ಕೆಲಸ ಮಾಡುತ್ತಿರಲಿಲ್ಲ. ಎಲ್ಲರಲ್ಲೂ ಕಾರಣ ಇದೇ ಎಂದಲ್ಲ. ಸಕ್ಕರೆ ಕಾಯಿಲೆ, ಬಸಿರು, ಆಂಟಿಬಯಾಟಿಕ್ ಸೇವನೆಯಿಂದಲೂ ಹೀಗಾಗಬಹುದು. ಆದರೆ ದೂರುವ ನಾಲಿಗೆಗೆ ಉತ್ತರವಾಗಿ ಇಷ್ಟು ಸಾಕು.

ಕಾವಲು ಕುಸಿದರೆ ಏನಾಗುತ್ತದೆಂಬುದನ್ನು 2021ರಲ್ಲಿ ನಾವೇ ಕಂಡೆವು. ಕೋವಿಡ್ಡಿನ ಬೆನ್ನಿಗೇ ಕಪ್ಪು ಶಿಲೀಂಧ್ರ ಬಂತು. ಜೂನ್ ಮುಗಿಯುವ ಹೊತ್ತಿಗೆ ದೇಶದಲ್ಲಿ 40,000ಕ್ಕೂ ಹೆಚ್ಚು ಜನರಿಗೆ ತಗುಲಿತ್ತು; ಕರ್ನಾಟಕದಲ್ಲೂ ಎಷ್ಟೋ ಜನ ಕಣ್ಣು ಕಳೆದುಕೊಂಡರು, ಜೀವ ಕಳೆದುಕೊಂಡರು. ಆ ಬೂಷ್ಟೇನೂ ಹೊಸದಾಗಿ ಹುಟ್ಟಿದ್ದಲ್ಲ, ಮಣ್ಣಿನಲ್ಲಿ ಎಂದೂ ಇದ್ದದ್ದೇ. ಹತೋಟಿಗೆ ಬಾರದ ಸಕ್ಕರೆ ಕಾಯಿಲೆ ಭಕ್ಷಕ ಕೋಶಗಳನ್ನು ಮಂಕಾಗಿಸಿತ್ತು. ಕೋವಿಡ್ಡಿಗೆ ಕೊಟ್ಟ ಸ್ಟಿರಾಯ್ಡ್ ಸಕ್ಕರೆಯನ್ನೂ ಏರಿಸಿತು, ಕಾವಲನ್ನೂ ಮಲಗಿಸಿತು.

ಹುಳುಕಡ್ಡಿಗೆಂದು ಅಂಗಡಿಯವನು ಕೊಡುವ ಎಷ್ಟೋ ಮುಲಾಮುಗಳಲ್ಲಿ ಇದೇ ಸ್ಟಿರಾಯ್ಡ್ ಬೆರೆತಿರುತ್ತದೆ. ಹಚ್ಚಿದೊಡನೆ ತುರಿಕೆ ತಗ್ಗುತ್ತದೆ, ನಮಗೆ ಹಾಯೆನಿಸುತ್ತದೆ. ಆದರೆ ಆ ತುರಿಕೆ, ಆ ಕೆಂಪು, ಕಾವಲು ಕೋಶಗಳು ಹೋರಾಡುತ್ತಿರುವ ಸದ್ದು. ಸದ್ದು ಅಡಗಿದ ಮೇಲೆ ಕಳ್ಳನಿಗೆ ಮನೆಯೆಲ್ಲ ಓಡಾಡಲು ಬಿಡುವು. ಕೆಲವು ವಾರಗಳಲ್ಲಿ ಹುಳುಕಡ್ಡಿ ಮತ್ತಷ್ಟು ಅಗಲವಾಗಿ ಹಬ್ಬಿರುತ್ತದೆ. ಆದ್ದರಿಂದ ಟ್ಯೂಬು ಕೊಳ್ಳುವ ಮೊದಲು ಚರ್ಮದ ವೈದ್ಯರಿಗೆ ತೋರಿಸಿ. ಸಂಕೋಚದ ಜಾಗವಾದರೆ ಸ್ತ್ರೀವೈದ್ಯರ ಬಳಿ ಬಾಯಿಬಿಟ್ಟು ಹೇಳಿ. ನಾಚಿಕೆ ಪಡುವಂಥದ್ದು ಅದರಲ್ಲಿ ಏನೂ ಇಲ್ಲ.